ಶಿರಾಲಿಯಿಂದ ಯಾಣದವರೆಗೆ: ಕಾಲುದಾರಿಗಳ ನಾಡು

'ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ' ಎಂಬುದು ಉತ್ತರ ಕನ್ನಡ ಜಿಲ್ಲೆಯ ಹಳೆಯ ಗಾದೆ. ಗೋಕರ್ಣಕ್ಕೆ ಹೋದವನು ಪೂಜೆ, ಶ್ರಾದ್ಧ, ದಾನ, ದಕ್ಷಿಣೆ ಎಂದು ಗಂಟು ಬಿಚ್ಚಲೇಬೇಕು. ಯಾಣಕ್ಕೆ ಬೇಕಾದದ್ದು ಹಣವಲ್ಲ, ಮೈಯಲ್ಲಿನ ಕಸುವು. ದಟ್ಟ ಕಾಡು, ಹಳ್ಳ, ಏರು, ಉಂಬಳದ ಕಾಟ ಇವೆಲ್ಲವನ್ನೂ ದಾಟಿ ಕಾಲ್ನಡಿಗೆಯಲ್ಲೇ ಹೋಗಬೇಕಾಗಿದ್ದ ಆ ಜಾಗಕ್ಕೆ ಹೊರಡುವವನಿಗೆ ಸ್ವಲ್ಪ ಸೊಕ್ಕೂ ಇರಬೇಕು ಎಂದು ಹಿರಿಯರು ನಗೆಯಾಡಿದ್ದಾರೆ.

ಗಾದೆಯ ನಗೆಯ ಹಿಂದೆ ಒಂದು ನಿಜ ಅಡಗಿದೆ. ಈ ಕರಾವಳಿಯ ಗುಡ್ಡ, ಬಂಡೆ, ಅಳಿವೆ, ಜಲಪಾತಗಳು ಬಹುಕಾಲ 'ನೋಡುವ ಸ್ಥಳ'ಗಳಾಗಿರಲಿಲ್ಲ. ಅವು ನಡೆದುಹೋಗುವವರ ಗುರುತುಗಳಾಗಿದ್ದವು. ಎಲ್ಲಿ ಹೊಳೆ ದಾಟಬೇಕು, ಎಲ್ಲಿ ಘಟ್ಟ ಹತ್ತಬೇಕು, ಎಲ್ಲಿ ಇಳಿತದ ನೀರಿಗೆ ಕಾಯಬೇಕು ಎಂಬುದನ್ನು ಅವು ಹೇಳುತ್ತಿದ್ದವು. ಇಂದು ಗುಡ್ಡ ಬಂಡೆಗಳ ಚಿತ್ರ ನಾಡಿನ ಎಲ್ಲ ಕಡೆ ಕಾಣಸಿಗುತ್ತದೆ. ಆದರೆ ಅವುಗಳ ನಡುವೆ ಹಾದುಹೋಗುತ್ತಿದ್ದ ಕಾಲುದಾರಿಗಳು ಒಂದೊಂದಾಗಿ ಮರೆಯಾಗುತ್ತಿವೆ. ಭಟ್ಕಳ ತಾಲೂಕಿನ ಶಿರಾಲಿಯಿಂದ ಹೊನ್ನಾವರ, ಕುಮಟಾಗಳ ಮೂಲಕ ಗೋಕರ್ಣದವರೆಗೆ, ಹೆದ್ದಾರಿಯ ಲೆಕ್ಕದಲ್ಲಿ ಎಂಬತ್ತು ಕಿಲೋಮೀಟರಿನ ಆಸುಪಾಸಿನ ಈ ಸೀಮೆಯನ್ನು ನಡಿಗೆಯ ಕಣ್ಣಿನಿಂದ ನೋಡಿದರೆ ಕಳೆದುಕೊಳ್ಳುತ್ತಿರುವುದು ಏನೆಂಬುದು ತಿಳಿಯುತ್ತದೆ.

ಇಂಗ್ಲೆಂಡಿನ ಹೊಲದಾರಿಗಳು

ನಡಿಗೆಯನ್ನೇ ಒಂದು ಸಂಸ್ಕೃತಿಯಾಗಿ ಬೆಳೆಸಿದ ದೇಶವೆಂದರೆ ಇಂಗ್ಲೆಂಡ್. ಅಲ್ಲಿನ ಹಳ್ಳಿಗಾಡಿನಲ್ಲಿ ಖಾಸಗಿ ಹೊಲದ ನಡುವೆಯೂ ಸಾರ್ವಜನಿಕರ ಕಾಲುದಾರಿ ಹಾದುಹೋಗುತ್ತದೆ. ಮಾಲೀಕ ಬೇಲಿ ಹಾಕಿಕೊಳ್ಳಬಹುದು, ದಾರಿಯನ್ನು ಮುಚ್ಚುವಂತಿಲ್ಲ. ದನ ದಾಟದಂತೆ, ಮನುಷ್ಯ ದಾಟುವಂತೆ ಬೇಲಿಯಲ್ಲಿ ಮರದ ಮೆಟ್ಟಿಲು ಇಟ್ಟಿರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೀಗೆ ದಾಖಲಾದ ದಾರಿಗಳ ಉದ್ದ ಸುಮಾರು 2,25,000 ಕಿ.ಮೀ.

ಈ ಹಕ್ಕು ಸುಲಭವಾಗಿ ಬಂದದ್ದಲ್ಲ. ಕವಿ ವರ್ಡ್ಸ್‌ವರ್ತ್ ಸರೋವರ ಸೀಮೆಯನ್ನು ಕುರಿತ ತನ್ನ ಕೈಪಿಡಿಯನ್ನು ಮೊದಲು ಪ್ರಕಟಿಸಿದ್ದು 1810ರಲ್ಲಿ. ಬೆಟ್ಟ ಕಣಿವೆಗಳ ಚೆಲುವು ಒಡೆಯನೊಬ್ಬನ ಸೊತ್ತಲ್ಲ, ಇಡೀ ನಾಡಿನದು ಎಂಬ ಭಾವ ಬೆಳೆಯಲು ಅಂಥ ಬರಹಗಳು ಕಾರಣವಾದವು. ಆದರೆ ಭಾವವೊಂದೇ ಸಾಲಲಿಲ್ಲ. ಅದೇ ಕಾಲದಲ್ಲಿ ಊರೊಟ್ಟಿನ ಬಯಲುಗಳಿಗೆ ಬೇಲಿ ಬೀಳುತ್ತಿತ್ತು, ಬೆಟ್ಟದ ಬಯಲುಗಳನ್ನು ಸಿರಿವಂತರು ಹಕ್ಕಿಬೇಟೆಗೆ ಮೀಸಲಿಟ್ಟುಕೊಳ್ಳುತ್ತಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಿನ ಕಾರ್ಮಿಕ ಯುವಕರು ಸುಮಾರು ನಾನೂರು ಮಂದಿ ಸೇರಿ, ನಿಷೇಧವಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಹತ್ತಿದರು. ಬೇಟೆಗಾವಲಿನವರೊಂದಿಗೆ ನೂಕುನುಗ್ಗಲಾಯಿತು. ಐವರಿಗೆ ಸೆರೆವಾಸವಾಯಿತು. ಆ ಶಿಕ್ಷೆ ಜನಾಭಿಪ್ರಾಯವನ್ನು ನಡೆಯುವವರ ಕಡೆಗೇ ತಿರುಗಿಸಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನ ಹಾಗೂ ಹಳ್ಳಿಗಾಡಿನ ಪ್ರವೇಶವನ್ನು ಕುರಿತ ಕಾಯ್ದೆ ಬಂದು, ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳನ್ನು ನಕಾಶೆಯಲ್ಲಿ ಗುರುತಿಸಬೇಕೆಂದು ವಿಧಿಸಿತು. 1965ರಲ್ಲಿ ಸುಮಾರು 430 ಕಿ.ಮೀ. ಉದ್ದದ ಪೆನ್ನೈನ್ ದಾರಿ ತೆರೆಯಿತು. 2000ದ ಕಾಯ್ದೆ ಬೆಟ್ಟ ಬಯಲುಗಳಲ್ಲಿ ಅಡ್ಡಾಡುವ ಹಕ್ಕನ್ನು ಕೊಟ್ಟಿತು. 2009ರ ಇನ್ನೊಂದು ಕಾಯ್ದೆ ಇಂಗ್ಲೆಂಡಿನ ಕಡಲತೀರದ ಉದ್ದಕ್ಕೂ ನಡಿಗೆಯ ದಾರಿ ಮಾಡಬೇಕೆಂದು ಹೇಳಿತು.

ಅಲ್ಲಿ ದಾರಿಯನ್ನು ಕಾದದ್ದು ಕಾಗದ. ಇಲ್ಲಿ ದಾರಿಯನ್ನು ಕಾದದ್ದು ಕಾಲು. ಜಾತ್ರೆಗೆ, ಸಂತೆಗೆ, ಶಾಲೆಗೆ, ಮೀನು ಮಾರಲು, ಸೊಪ್ಪು ತರಲು ಜನ ನಡೆಯುತ್ತಿದ್ದಷ್ಟು ಕಾಲ ದಾರಿಗೆ ದಾಖಲೆ ಬೇಕಾಗಿರಲಿಲ್ಲ.

ಹೆಸರಿನಲ್ಲೇ ನಕಾಶೆ

ಶಿರಾಲಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿತ್ರಾಪುರ ಮಠ. ಚಿತ್ರಾಪುರ ಸಾರಸ್ವತರ ಗುರುಪರಂಪರೆ ಗೋಕರ್ಣದಲ್ಲಿ ಆರಂಭವಾದದ್ದು 1708ರಲ್ಲಿ. ಎರಡನೆಯ ಗುರುಗಳಾದ ಶಂಕರಾಶ್ರಮರು 1757ರಲ್ಲಿ ಶಿರಾಲಿಯಲ್ಲಿ ಸಮಾಧಿಸ್ಥರಾದ ಮೇಲೆ ಮಠ ಇಲ್ಲಿ ನೆಲೆಗೊಂಡಿತು. ಗೋಕರ್ಣಕ್ಕೂ ಶಿರಾಲಿಗೂ ನಡುವಿನ ಈ ದಾರಿ ಆ ಸಮುದಾಯದ ಚರಿತ್ರೆಯ ದಾರಿಯೂ ಹೌದು. ಮಠಕ್ಕೆ ಸೇರಿದ ಪಂಚವಟಿ ಎಂಬ ಗುಡ್ಡ, ತೆಂಗಿನ ತೋಟಗಳು, ಗದ್ದೆಬಯಲು, ವೆಂಕಟಾಪುರ ಹೊಳೆ, ಅದರಾಚೆ ಕಡಲು, ಇವಿಷ್ಟೂ ಒಂದು ಮುಂಜಾನೆಯ ನಡಿಗೆಯ ಅಳತೆಯಲ್ಲಿವೆ.

ಈ ನಡಿಗೆಗೆ ಊರ ಹೆಸರುಗಳೇ ಕೈಪಿಡಿ. ಹೊಳೆ ಕಡಲು ಸೇರುವ ಜಾಗ ಅಳಿವೆ. ನೆಲದ ತುದಿ, ನೀರಿನೊಳಕ್ಕೆ ಚಾಚಿದ ಕೊನೆ, ಕೋಡಿ. ಶಿರಾಲಿಯ ಪಡುವಣಕ್ಕಿರುವ ಮೀನುಗಾರರ ಊರು ಅಳ್ವೆಕೋಡಿ. ನೋಡದವನಿಗೂ ಆ ಊರಿನ ರೂಪ ಹೆಸರಿನಿಂದಲೇ ತಿಳಿಯುತ್ತದೆ. ಹೊಳೆಯ ನಡುಗಡ್ಡೆ ಕುರ್ವೆ. ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ. ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ ಗಜನಿ. ಹುಲ್ಲು ಬೆಳೆಯುವ ಗುಡ್ಡದ ಓರೆ ಬೇಣ. ಬೇಸಾಯಕ್ಕೆ ಬಾರದ ಒಣಬಯಲು ಹಕ್ಕಲ. ಇಂಥ ಪದಗಳು ಹುಟ್ಟಿದ್ದು ನೆಲವನ್ನು ದಿನವೂ ತುಳಿದವರ ಬಾಯಲ್ಲಿ.

ದಾರಿಯ ಸಾಮಗ್ರಿಗಳಿಗೂ ಹೆಸರಿದೆ. ಹಳ್ಳಕ್ಕೆ ಅಡಕೆಮರವನ್ನೋ ತೆಂಗಿನ ಮರವನ್ನೋ ಅಡ್ಡ ಹಾಕಿದರೆ ಅದು ಸಂಕ. ಕಾಲುಸಂಕ ದಾಟುವಾಗ ಕೆಳಗಿನ ನೀರನ್ನು ನೋಡಬಾರದೆಂದು ಮಕ್ಕಳಿಗೆ ಹೇಳುತ್ತಿದ್ದರು. ತೋಟದ ಬೇಲಿ ದಾರಿಗೆ ಅಡ್ಡ ಬಂದಲ್ಲಿ ದಣಪೆ. ಎರಡು ಕಂಬಗಳಿಗೆ ತೂತು ಕೊರೆದು ಗಳುಗಳನ್ನು ತೂರಿಸಿದ ಈ ಬಾಗಿಲು ಇಂಗ್ಲೆಂಡಿನ ಬೇಲಿಮೆಟ್ಟಿಲಿನ ಕೆಲಸವನ್ನೇ ಮಾಡುತ್ತದೆ. ದನ ನಿಲ್ಲುತ್ತದೆ, ಮನುಷ್ಯ ದಾಟುತ್ತಾನೆ. ದಾಟಿದ ಮೇಲೆ ಗಳುವನ್ನು ಮತ್ತೆ ಸರಿಸಿ ಇಡುವುದು ದಾರಿಹೋಕನ ಮರ್ಯಾದೆ. ತೋಟ ಅವನದಲ್ಲ, ದಾರಿ ಮಾತ್ರ ಎಲ್ಲರದು ಎಂಬ ಒಪ್ಪಂದ ಆ ಒಂದು ಗಳುವಿನಲ್ಲಿತ್ತು.

ಕೆಂಪುಕಲ್ಲಿನ ಪಾಠ

ಈ ದಾರಿಗಳಲ್ಲಿ ಕಾಲಿಗೆ ಸಿಗುವ ಕಲ್ಲು ಹೆಚ್ಚಾಗಿ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಲಕ್ಷಾಂತರ ವರ್ಷಗಳಿಂದ ಮೂಲ ಬಂಡೆಯನ್ನು ತೊಳೆದು, ಅದರಲ್ಲಿನ ಸಿಲಿಕಾವನ್ನು ಕರಗಿಸಿ ಒಯ್ದಿದೆ. ಉಳಿದುಕೊಂಡದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು. ಕಲ್ಲಿನ ಕೆಂಪಿಗೆ ಕಬ್ಬಿಣದ ಆ ತುಕ್ಕೇ ಕಾರಣ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಮನೆ, ಬಾವಿ, ಪಾಗಾರ, ಕೋಟೆ ಎಲ್ಲಕ್ಕೂ ಒದಗಿದ ಕಲ್ಲು ಇದು.

ಈ ಕಲ್ಲಿಗೆ ಜಗತ್ತು ಇಂದು ಬಳಸುವ ಹೆಸರು ಹುಟ್ಟಿದ್ದೂ ಒಂದು ದೀರ್ಘ ಪ್ರಯಾಣದಲ್ಲಿ. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಅಭ್ಯಸಿಸಲು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಕಂಡ. ಸ್ಥಳೀಯರು ಅದನ್ನು ಇಟ್ಟಿಗೆಕಲ್ಲು ಎನ್ನುತ್ತಿದ್ದರು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಆತ ಲ್ಯಾಟರೈಟ್ ಎಂಬ ಹೆಸರು ಕಟ್ಟಿದ. ಕನ್ನಡದ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ. ಅದೇ ಪ್ರವಾಸದ ಮುಂದಿನ ಭಾಗದಲ್ಲಿ, 1801ರಲ್ಲಿ, ಬುಕಾನನ್ ಭಟ್ಕಳ, ಹೊನ್ನಾವರಗಳ ಕರಾವಳಿಯ ದಾರಿ ಹಿಡಿದು ಉತ್ತರಕ್ಕೆ ಸಾಗಿದ. ಆತನ ಪ್ರವಾಸ ಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಬೆಳೆ, ಮರ, ಮಣ್ಣು, ಗೇಣಿ ಎಲ್ಲವನ್ನೂ ಊರೂರಿನಲ್ಲಿ ವಿಚಾರಿಸಿ ಬರೆಯುವುದು ಸಾಧ್ಯವಾದದ್ದು ನಿಧಾನವಾಗಿ ಸಾಗಿದ್ದರಿಂದ.

ಗುಡ್ಡದ ನೆತ್ತಿಯಲ್ಲಿ ಚಿರೆಕಲ್ಲು ಹಾಸಿನಂತೆ ಚಪ್ಪಟೆಯಾಗಿ ಹರಡಿರುತ್ತದೆ. ಬೇಸಿಗೆಯಲ್ಲಿ ಕಾದ ಹೆಂಚಿನಂತಿರುವ ಈ ಬೋಳುನೆಲ ಮಳೆಗಾಲದಲ್ಲಿ ಬೇರೆಯೇ ಆಗುತ್ತದೆ. ಬೊಗಸೆ ನೀರು ನಿಂತ ಗುಳಿಗಳ ಸುತ್ತ ಪುಟ್ಟ ನೀಲಿ ಹೂಗಳು ಏಳುತ್ತವೆ. ಸತ್ವವಿಲ್ಲದ ಮಣ್ಣಿನಲ್ಲಿ ಬದುಕಬೇಕಾದ್ದರಿಂದ ಅವುಗಳಲ್ಲಿ ಕೆಲವು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡಗಳು. ಬರಡು ಭೂಮಿ ಎಂದು ಕಡತದಲ್ಲಿ ಬರೆದ ಜಾಗದ ಈ ಸಿರಿ ಕಾರಿನ ಕಿಟಕಿಗೆ ಕಾಣುವುದಿಲ್ಲ.

ರಾವಣ ಎಸೆದ ಗುರುತುಗಳು

ಶಿರಾಲಿಯಿಂದ ಬಡಗಣಕ್ಕೆ ನಡೆದರೆ ಮೊದಲು ಎದುರಾಗುವ ದೊಡ್ಡ ಗುರುತು ಮುರುಡೇಶ್ವರದ ಕಂದುಕಗಿರಿ, ಮೂರು ಕಡೆ ಕಡಲು ಸುತ್ತಿದ ಗುಡ್ಡ. ಗೋಕರ್ಣದಲ್ಲಿ ನೆಲಕ್ಕೂರಿದ ಆತ್ಮಲಿಂಗವನ್ನು ಕೀಳಲಾಗದೆ ರಾವಣ ಸಿಟ್ಟಿನಿಂದ ಅದರ ಹೊದಿಕೆಗಳನ್ನು ಎಸೆದನೆಂಬ ಕತೆ ಎಲ್ಲರಿಗೂ ಗೊತ್ತು. ಸಂಪುಟ ಬಿದ್ದ ಕಡೆ ಸಜ್ಜೇಶ್ವರ, ಮುಚ್ಚಳ ಬಿದ್ದ ಕಡೆ ಗುಣವಂತೆ, ದಾರ ಬಿದ್ದ ಕಡೆ ಧಾರೇಶ್ವರ, ವಸ್ತ್ರ ಬಿದ್ದ ಕಡೆ ಮುರುಡೇಶ್ವರ. ಕಾರವಾರದ ಬಳಿಯ ಸಜ್ಜೇಶ್ವರವೊಂದನ್ನು ಬಿಟ್ಟರೆ ಉಳಿದವು ಗೋಕರ್ಣದ ದಕ್ಷಿಣಕ್ಕೆ ಕರಾವಳಿಯ ದಾರಿಯಲ್ಲೇ ಸಿಗುತ್ತವೆ. ಓದು ಬಾರದ ಯಾತ್ರಿಕನಿಗೂ ಈ ಕತೆ ನೆನಪಿದ್ದರೆ ದಾರಿಯ ಮಜಲುಗಳು ನೆನಪಿದ್ದಂತೆ.

ಕಂದುಕಗಿರಿಯ ಮೇಲೆ ಇಂದು 123 ಅಡಿ ಎತ್ತರದ ಶಿವನ ಮೂರ್ತಿಯಿದೆ, ಮುಂದೆ ಇಪ್ಪತ್ತು ಅಂತಸ್ತಿನ ಗೋಪುರವಿದೆ. ಗುಡ್ಡಕ್ಕಿಂತ ಮೂರ್ತಿಯೇ ದೂರದಿಂದ ಕಾಣುವ ಗುರುತಾಗಿದೆ. ತಿಳಿಯಾದ ದಿನ ಕಡಲಿನಲ್ಲಿ ನೇತ್ರಾಣಿ ದ್ವೀಪ ಕಾಣುತ್ತದೆ. ಇಂಗ್ಲಿಷರು ಪಾರಿವಾಳಗಳ ದ್ವೀಪವೆಂದು ಕರೆದ ಈ ನಡುಗಡ್ಡೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. ಹವಳದ ದಿಬ್ಬಗಳಿಂದಾಗಿ ಈಗ ಮುಳುಗುಗಾರರನ್ನು ಸೆಳೆಯುತ್ತಿದೆ.

ಮುಂದಿನ ಗುಣವಂತೆ ದೇವಸ್ಥಾನಕ್ಕೆ ಹೇಗೋ ಯಕ್ಷಗಾನಕ್ಕೂ ಹಾಗೆಯೇ ಹೆಸರಾದ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ ಇಲ್ಲಿಯದು. ಆಟ ನೋಡಲು ಜನ ಒಣ ತೆಂಗಿನ ಗರಿಯ ಸೂಡಿ ಬೀಸುತ್ತ, ಗದ್ದೆಯ ಹಾಳಿಯ ಮೇಲೆ ಸಾಲಾಗಿ ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಬೆಳಗಿನ ಜಾವ ಅದೇ ದಾರಿಯಲ್ಲಿ ಪದ್ಯ ಗುನುಗುತ್ತ ಮರಳುತ್ತಿದ್ದರು. ಕಲೆಯೊಂದು ಊರಿಂದ ಊರಿಗೆ ಹಬ್ಬಿದ್ದರಲ್ಲಿ ರಾತ್ರಿಯ ಕಾಲುದಾರಿಗಳ ಪಾಲೂ ಇದೆ.

ಶರಾವತಿಯ ದಡದಲ್ಲಿ

ಹೊನ್ನಾವರಕ್ಕೆ ಕೆಲವೇ ಕಿಲೋಮೀಟರು ಮೊದಲು ಅಪ್ಸರಕೊಂಡ. ಮರಗಳ ನೆರಳಿನಲ್ಲಿ ಸಣ್ಣ ಜಲಪಾತ, ಪಕ್ಕದಲ್ಲಿ ಪಾಂಡವರ ಹೆಸರು ಹೊತ್ತ ಗುಹೆ. ಮೇಲಿನ ಗುಡ್ಡದಿಂದ ಕಡಲು, ಹಿನ್ನೀರು, ತೆಂಗಿನ ತೋಟ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿಂದ ಮುಂದೆ ಕಾಸರಕೋಡು. ಅದರ ಕಡಲತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆಯಿತು. ಶರಾವತಿಯ ಅಳಿವೆಯ ಬಳಿ ನೆಲ ತೆಳ್ಳಗಾಗಿ ಹೋಗುವಲ್ಲಿ ಟೊಂಕ ಎಂಬ ಮೀನುಗಾರರ ನೆಲೆಯಿದೆ. ಟೊಂಕವೆಂದರೆ ಸೊಂಟ, ನದಿಗೂ ಕಡಲಿಗೂ ನಡುವೆ ಉಳಿದ ಮರಳುಪಟ್ಟಿಗೆ ಆ ಹೆಸರು ಒಪ್ಪುತ್ತದೆ. ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಈ ಮರಳಿಗೇ. ಹೊಳೆಯ ದಡದಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ನಡಿಗೆದಾರಿ ಹಾಕಿದೆ. ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳನ್ನು, ಏಡಿಗಳ ಓಡಾಟವನ್ನು ಹತ್ತಿರದಿಂದ ನೋಡಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಹೊನ್ನಾವರದಲ್ಲಿ ಶರಾವತಿ ಅಗಲವಾಗಿ ಹರಿಯುತ್ತದೆ. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಇಲ್ಲಿಯದೇ, ಎರಡು ಕಿಲೋಮೀಟರಿಗೂ ಹೆಚ್ಚು. ಸೇತುವೆಗಳು ಬರುವ ಮುನ್ನ ದಾಟಲು ತಾರಿಯೇ ಗತಿ. ತಾರಿಗೆ ಕಾಯುವ ಹೊತ್ತಿನಲ್ಲಿ ಸುದ್ದಿ ವಿನಿಮಯ, ಸಂಬಂಧದ ಮಾತು, ವ್ಯಾಪಾರ ಎಲ್ಲ ನಡೆಯುತ್ತಿತ್ತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದ. ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಅವರು ಇಕ್ಕೇರಿಗೆ ಹೋಗಬೇಕಿತ್ತು. ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಸುಮಾರು 30 ಕಿ.ಮೀ. ಸಾಗಿ, ಅಲ್ಲಿಂದ ಘಟ್ಟ ಹತ್ತಿದರು. ತಾನು ಕಂಡ ಚೆಲುವಾದ ನದಿಗಳಲ್ಲಿ ಇದೊಂದು ಎಂದು ಆತ ಮೆಚ್ಚಿಕೊಂಡ. ಘಟ್ಟದ ಕಾಡನ್ನು ನೋಡುವಾಗ ಆತನಿಗೆ ತನ್ನ ನಾಡಿನ ಅಪೆನ್ನೈನ್ ಬೆಟ್ಟಗಳ ನೆನಪಾಯಿತು. ಕರಿಮೆಣಸಿನ ರಾಣಿ ಎಂದು ಹೆಸರಾದ ಚೆನ್ನಭೈರಾದೇವಿಯ ಗೇರುಸೊಪ್ಪೆ ಆಗಲೇ ಪಾಳುಬಿದ್ದು ಮರಗಿಡ ಬೆಳೆದಿತ್ತು. ನದಿಯ ದಡದ ಕಾಡಿನಲ್ಲಿರುವ ಚತುರ್ಮುಖ ಬಸದಿಯ ಮುಂದೆ ನಿಂತವರಿಗೆ ಇಂದಿಗೂ ಆ ಮೌನದ ಅನುಭವವಾಗುತ್ತದೆ. ಘಟ್ಟದ ಮೇಲೆ ಇದೇ ಶರಾವತಿ 253 ಮೀಟರು ಧುಮುಕುವ ಜೋಗವನ್ನು ಡೆಲ್ಲಾ ವಾಲೆ ಕಾಣಲಿಲ್ಲ. ಆತನ ದಾರಿ ವ್ಯಾಪಾರದ, ರಾಜಕಾರಣದ ದಾರಿ. ಜಲಪಾತವನ್ನು ನೋಡಲೆಂದೇ ಹೋಗುವ ರೂಢಿ ಬಂದದ್ದು ಬಹಳ ತಡವಾಗಿ.

ಕುಮಟೆಯ ಹತ್ತಿ, ಕಡಲ ನಡಿಗೆ

ಹೊನ್ನಾವರ ದಾಟಿ ಹಳದೀಪುರ, ಧಾರೇಶ್ವರಗಳ ಮೂಲಕ ಕುಮಟಾ. ಇಂಗ್ಲೆಂಡಿನ ಕಾರ್ಮಿಕರು ಬೆಟ್ಟ ಹತ್ತಿದ ಕತೆಗೂ ಈ ಪುಟ್ಟ ಬಂದರಿಗೂ ಒಂದು ದೂರದ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದುದು ಇಲ್ಲಿ. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಅವರ ಕಣ್ಣು ಈ ಕಡೆ ಬಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೆ ಊರಿನ ಹೆಸರೇ ನಿಂತಿತು. ಹತ್ತಿಯ ಬಂದರುಗಳ ಲೆಕ್ಕಾಚಾರದ ನಡುವೆಯೇ 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಎತ್ತಿನ ಹೇರುಗಳ ಘಟ್ಟದ ಹಾದಿಗಳು ಗಾಡಿರಸ್ತೆಗಳಾದವು, ದೇವಿಮನೆ ಘಟ್ಟದಲ್ಲಿ ಇಂದು ವಾಹನಗಳ ಸಾಲು.

ಕುಮಟೆಯಿಂದ ಗೋಕರ್ಣಕ್ಕೆ ಕಡಲಂಚಿನಲ್ಲೇ ನಡೆಯುವುದು ಈಚಿನ ವರ್ಷಗಳಲ್ಲಿ ದೂರದ ಊರುಗಳ ಯುವಕರಿಗೂ ಪ್ರಿಯವಾಗಿದೆ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲಗಳ ಮೂಲಕ ಅಘನಾಶಿನಿ ಊರು, ಅಲ್ಲಿ ದೋಣಿಯಲ್ಲಿ ಅಳಿವೆ ದಾಟಿದರೆ ತದಡಿ, ಬೇಲೆಕಾನ, ಮುಂದೆ ಓಂ ಆಕಾರದ ತೀರ, ಕುಡ್ಲೆ, ಗೋಕರ್ಣ. ನಿಧಾನವಾಗಿ ನಡೆದರೆ ಎರಡು ದಿನದ ಹಾದಿ. ಮರಳಿನ ತೀರ ಮುಗಿದಲ್ಲಿ ಕಲ್ಲಿನ ಗುಡ್ಡ ಕಡಲಿಗೆ ಮೂಗು ಚಾಚಿರುತ್ತದೆ. ಅದನ್ನು ಹತ್ತಿ ಇಳಿದರೆ ಮತ್ತೊಂದು ತೀರ. ಗಟ್ಟಿಕಲ್ಲು ಅಲೆಗೆ ಬಗ್ಗದೆ ನಿಂತಿದೆ, ಮೆದುನೆಲ ಕೊರೆದು ಒಳಸರಿದಿದೆ. ಈ ಕರಾವಳಿಯ ಬಾಗುಬಳುಕಿಗೆ ಕಾರಣ ಇದು.

ಅಘನಾಶಿನಿ ಶಿರಸಿಯ ಸೀಮೆಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಸಿದ್ದಾಪುರ ತಾಲೂಕಿನಲ್ಲಿ ಅದು 116 ಮೀಟರು ಧುಮುಕುವ ಉಂಚಳ್ಳಿ ಜಲಪಾತಕ್ಕೆ ಇಂಗ್ಲಿಷ್ ಅಧಿಕಾರಿಯೊಬ್ಬನ ನೆನಪಿನಲ್ಲಿ ಲಷಿಂಗ್ಟನ್ ಎಂಬ ಹೆಸರೂ ಇದೆ. ಅಳಿವೆಯ ಬಳಿಯ 4,801 ಹೆಕ್ಟೇರ್ ಪ್ರದೇಶವನ್ನು 2024ರಲ್ಲಿ ರಾಮ್‌ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಇಲ್ಲಿನ ಗಜನಿಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕಡಲ ನೀರನ್ನು ತಡೆಯುವ ಕಟ್ಟೆಗಳೇ ಇಲ್ಲಿ ನಡಿಗೆಯ ದಾರಿ. ಕಟ್ಟೆ ಒಡೆದರೆ ಬೆಳೆ ಹೋಗುತ್ತದೆ, ದಾರಿಯೂ ಹೋಗುತ್ತದೆ. ಆದ್ದರಿಂದ ಅದನ್ನು ಕಾಯುವುದು ಊರೊಟ್ಟಿನ ಕೆಲಸ. ಬೆಳಗಿನ ಇಳಿತದಲ್ಲಿ ಹೆಂಗಸರು ಹೊಳೆಯಲ್ಲಿ ಚಿಪ್ಪಿ ಹೆಕ್ಕುತ್ತಾರೆ, ಚಳಿಗಾಲದಲ್ಲಿ ದೂರದ ಹಕ್ಕಿಗಳು ಇಳಿಯುತ್ತವೆ. ಬದಿಯಲ್ಲೇ ಮಿರ್ಜಾನದ ಚಿರೆಕಲ್ಲಿನ ಕೋಟೆ.

ದಾರಿ ಕಾಣೆಯಾಗುವುದು ಹೇಗೆ?

ಕಾಲುದಾರಿ ಒಂದೇ ದಿನದಲ್ಲಿ ಅಳಿಯುವುದಿಲ್ಲ. ಸೇತುವೆ ಬಂದಾಗ ತಾರಿ ನಿಲ್ಲುತ್ತದೆ, ತಾರಿಗೆ ಹೋಗುವ ಓಣಿಯಲ್ಲಿ ಮುಳ್ಳು ಬೆಳೆಯುತ್ತದೆ. ಮನೆಮನೆಗೆ ಬೈಕು ಬಂದಾಗ ಸಂಕ ಕೊಳೆತರೂ ಹೊಸ ಮರ ಹಾಕುವವರಿಲ್ಲ. ಜಾಗ ಕೈಬದಲಾದಾಗ ದಣಪೆಯ ಜಾಗದಲ್ಲಿ ಕಬ್ಬಿಣದ ಗೇಟು, ಗೇಟಿಗೆ ಬೀಗ. ಕಡಲತೀರಕ್ಕೆ ಹೋಗುವ ಸಂದಿಗೆ ವಸತಿಗೃಹದ ಗೋಡೆ. ಇವುಗಳಲ್ಲಿ ಹಲವು ಜನರಿಗೆ ಬೇಕಾದ ಅನುಕೂಲಗಳೇ. ಹೆರಿಗೆಯ ನೋವಿನವಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಹೊಳೆ ದಾಟಿಸಿದ ಕಾಲ ಮರಳಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಬೈಕು, ಕಾರುಗಳಿಲ್ಲದವರು ಈಗಲೂ ಇದ್ದಾರೆ. ಬುಟ್ಟಿ ಹೊತ್ತ ಮೀನುಗಾರ ಹೆಂಗಸು, ಶಾಲೆಯ ಮಗು, ಮುದುಕರು ಹತ್ತಿರದ ದಾರಿ ಮುಚ್ಚಿದ್ದರಿಂದ ಚತುಷ್ಪಥ ಹೆದ್ದಾರಿಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯಬೇಕಾಗಿದೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಗುಡ್ಡದ ಮೇಲೆ ನಡೆಯುವವರು ಗುಡ್ಡದ ಗುಣವನ್ನೂ ತಿಳಿದಿರುತ್ತಾರೆ. ಚಿರೆಕಲ್ಲಿನ ತೊಪ್ಪಿಗೆಯ ಕೆಳಗೆ ಮೆದುವಾದ ಶೇಡಿ ಮಣ್ಣಿರುತ್ತದೆ. ಮಳೆನೀರು ಕಲ್ಲಿನ ರಂಧ್ರಗಳಲ್ಲಿ ಇಳಿದು ಆ ಮಣ್ಣನ್ನು ನೆನೆಸುತ್ತದೆ. ಬುಡ ಗಟ್ಟಿಯಿದ್ದರೆ ಗುಡ್ಡ ನಿಲ್ಲುತ್ತದೆ, ಬುಡವನ್ನು ನೆಟ್ಟಗೆ ಕಡಿದರೆ ಜಾರುತ್ತದೆ. ಹಳೆಯ ದಾರಿಗಳು ಓರೆಯಾಗಿ, ಸುತ್ತು ಬಳಸಿ ಏರುತ್ತಿದ್ದವು. ಗುಡ್ಡದ ಬುಡವನ್ನು ಅವು ಕಡಿಯಲಿಲ್ಲ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ನಾಲ್ವರು ಸತ್ತರು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜರಿದು ಗಂಗಾವಳಿಗೆ ಬಿತ್ತು, ದಾರಿಯಲ್ಲಿದ್ದ ಹಲವರು ಪ್ರಾಣ ಕಳೆದುಕೊಂಡರು. ಎಲ್ಲಿ ಮಳೆಗಾಲದಲ್ಲಿ ಹೊಸ ಒರತೆ ಏಳುತ್ತದೆ, ಎಲ್ಲಿ ನೆಲ ಬಿರುಕು ಬಿಡುತ್ತದೆ ಎಂದು ಮೊದಲು ಕಾಣುವುದು ದಿನವೂ ಅಲ್ಲಿ ನಡೆಯುವವರ ಕಣ್ಣಿಗೆ. ಯಾರೂ ಹತ್ತದ ಗುಡ್ಡದ ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ.

ಕಾಗದದ ಬಲ ನಮ್ಮಲ್ಲೂ ಸ್ವಲ್ಪ ಇದೆ. ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗೆರೆ ಚುಕ್ಕೆಗಳಿಂದ ಗುರುತಿಸುವ ಪದ್ಧತಿ ಹಳೆಯದು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ, ಬಹಿರಂಗವಾಗಿ ಬಳಸಿದ ದಾರಿಗೆ ಹಕ್ಕು ಹುಟ್ಟುತ್ತದೆ. ಆದರೆ ಅದು ಜಮೀನಿನಿಂದ ಜಮೀನಿಗೆ ಹೋಗುವವನ ಹಕ್ಕು. ಊರಿನ ದಾರಿಗಳನ್ನೆಲ್ಲ ಒಟ್ಟಾಗಿ ಎಣಿಸಿ ಕಾಯುವ ಇಂಗ್ಲೆಂಡಿನಂಥ ಏರ್ಪಾಡಲ್ಲ. ಅದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ಗ್ರಾಮ ಪಂಚಾಯಿತಿ ನಕಾಶೆಯನ್ನು ಬಿಡಿಸಿ, ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು, ಶಾಲೆಯ ಮಕ್ಕಳಿಂದ ಒಂದು ಸಲ ಆ ದಾರಿಗಳನ್ನು ನಡೆಯಿಸಿದರೆ ಉಳಿದಿರುವುದೆಷ್ಟು, ಮುಚ್ಚಿರುವುದೆಷ್ಟು ಎಂಬುದು ಒಂದು ಬೇಸಿಗೆಯೊಳಗೆ ಗೊತ್ತಾಗುತ್ತದೆ.

ಮತ್ತೆ ಯಾಣಕ್ಕೆ

ಕುಮಟಾ ತಾಲೂಕಿನ ಘಟ್ಟದ ಕಾಡಿನಲ್ಲಿ ಯಾಣದ ಎರಡು ಬಂಡೆಗಳು ಇಂದಿಗೂ ಹಾಗೆಯೇ ನಿಂತಿವೆ. ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90 ಮೀಟರು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗವಾದ್ದರಿಂದ ಇಲ್ಲಿನ ಮಣ್ಣು ಕಪ್ಪು ಎಂದು ಪುರಾಣ ಹೇಳುತ್ತದೆ. ಇವು ಕಪ್ಪುಬಣ್ಣದ ಸುಣ್ಣಕಲ್ಲಿನ ರಚನೆಗಳು, ಮಳೆನೀರು ಯುಗಯುಗಗಳಿಂದ ಕರಗಿಸಿ ಕೊರೆದು ಮೊನೆ ಮಾಡಿದೆ ಎಂದು ಭೂವಿಜ್ಞಾನ ಹೇಳುತ್ತದೆ. ಬಂಡೆಯ ಬುಡದ ಗುಹೆಯಲ್ಲಿ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇದೆ.

ವಾಹನ ಈಗ ಬಂಡೆಗಳ ಸಮೀಪದವರೆಗೂ ಹೋಗುತ್ತದೆ. ಉಳಿದ ಸ್ವಲ್ಪ ದೂರಕ್ಕೆ ನಡೆದರಾಯಿತು, ಮೆಟ್ಟಿಲುಗಳಿವೆ. ನಡೆಯಲಾರದ ಹಿರಿಯರೂ ಯಾಣ ಕಾಣುವಂತಾದದ್ದು ಒಳ್ಳೆಯದೇ. ಆದರೆ ಬಂದವರಲ್ಲಿ ಹೆಚ್ಚಿನವರು ಚಿತ್ರ ತೆಗೆದು ಅರ್ಧ ಗಂಟೆಯಲ್ಲಿ ಮರಳುತ್ತಾರೆ. ಹಿಂದಿನವರು ಬಂಡೆ ಕಾಣುವ ಮೊದಲೇ ಅರ್ಧ ದಿನ ಅದರ ಕಾಡನ್ನು, ಹಳ್ಳವನ್ನು, ಊರನ್ನು ಕಂಡಿರುತ್ತಿದ್ದರು. ದಾರಿಯಲ್ಲಿ ಯಾರದೋ ಜಗಲಿಯಲ್ಲಿ ಕುಳಿತು ಬೆಲ್ಲದ ಚೂರು ಬಾಯಿಗಿಟ್ಟು ನೀರು ಕುಡಿದಿರುತ್ತಿದ್ದರು. ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪಿನಲ್ಲಿ, ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು ನಡೆಯುವವರಿಗೆ ಆ ಯಾಣ ಇನ್ನೂ ಸಿಗುತ್ತದೆ. ಗಾದೆ ಹೇಳಿದ ಸೊಕ್ಕು ಅಷ್ಟು ಮಟ್ಟಿಗೆ ಈಗಲೂ ಬೇಕು.